ಒಂದೇ ಮೂಲದ ಹೇನು

"ನಿಮ್ಮ ಹೇನೂ ನನ್ನ ಹೇನೂ ಒಂದೇ ಅಂತ ಒಪ್ಪಿಕೊಂಡುಬಿಡಿ, ಪ್ಲೀಸ್."

ಅಡುಗೆಮನೆಯಲ್ಲಿದ್ದ ಅಮ್ಮನ ಕೈಯಿಂದ ಸೌಟು ಜಾರಿತು. ಹಜಾರದಲ್ಲಿ ಕೂತಿದ್ದವರು ಮಗಳು, ಮತ್ತು ಅವಳ ಜೊತೆ ನಿಘಂಟು ಮಾಡುತ್ತಿದ್ದ ಆ ಕನ್ನಡಕದವನು. ಚೀನಿ, ಟಿಬೆಟನ್, ಇನ್ನೂ ಯಾವ್ಯಾವುದೋ ಭಾಷೆಗಳ ಪದಗಳನ್ನು ಅಕ್ಕಪಕ್ಕ ಇಟ್ಟು, ಅವೆಲ್ಲದರ ಮುತ್ತಜ್ಜಿಯಂಥ ಭಾಷೆಯಲ್ಲಿ ಆ ಪದ ಹೇಗಿತ್ತೆಂದು ಹುಡುಕುವುದು ಇಬ್ಬರ ಕೆಲಸ. ಅಷ್ಟು ಅಮ್ಮನಿಗೆ ಗೊತ್ತಿತ್ತು. ಹೇನಿನ ವಿಷಯ ಗೊತ್ತಿರಲಿಲ್ಲ.

"ಒಪ್ಪಲ್ಲ," ಎಂದು ಮಗಳು ಪೆನ್ಸಿಲ್ ಕಚ್ಚಿದಳು.

"ನಿಮ್ಮ ಟಿಬೆಟನ್‌ನಲ್ಲಿ ಹೇನಿಗೆ ಶಿಗ್. ನನ್ನ ಹಳೇ ಚೀನಿಯಲ್ಲಿ ಸ್ರಿಕ್. ಸ್ರ ಹೋಗಿ ಶ ಆಗಿದೆ, ಅಷ್ಟೇ. ಪ್ರೀತಿಗೆ ಒಂದೊಂದು ಕಡೆ ಒಂದೊಂದು ಪದ, ಹೇನು ಮಾತ್ರ ಸಾವಿರಾರು ವರ್ಷದಿಂದ ಗಟ್ಟಿಯಾಗಿ ಕೂತಿದೆ!"

"ಕಾಕತಾಳೀಯ ಇರಬಹುದು."

ಅಲ್ಲವೆಂದು ಅವಳಿಗೂ ಗೊತ್ತಿತ್ತು. ಆದರೆ ನಿಘಂಟಿನಲ್ಲಿ ಉಳಿದಿದ್ದು ಇದೊಂದೇ ಪದ. ಇದೂ ಮುಗಿದರೆ ಅವನು ತನ್ನೂರಿನ ಕಾಲೇಜಿಗೆ ಹೊರಟುಬಿಡುತ್ತಾನೆ. ಕನ್ನಡಕ ಹಣೆಗೇರಿಸಿ, ಕಣ್ಣು ಕಿರಿದು ಮಾಡಿ ತನ್ನನ್ನು ನೋಡುವವರು ಇನ್ನಾರೂ ಇರುವುದಿಲ್ಲ. ಅದಕ್ಕೇ ಹೇನಿನ ಹೆಸರಲ್ಲಿ ಹಟ ಹಿಡಿದಿದ್ದಳು.

ಅಷ್ಟರಲ್ಲಿ ಅಮ್ಮ ಬಾಚಣಿಗೆ ಹಿಡಿದು ಬಂದೇ ಬಿಟ್ಟರು.

"ಇವರ ಹೇನು ನಿನ್ನ ತಲೆಗೆ ಹೇಗೆ ಬಂತೇ? ತಲೆಗೆ ತಲೆ ತಾಗದೆ ಅದೇನು ಹಾರಿಕೊಂಡು ಬರುತ್ತಾ?"

ಮಗಳ ಮುಖ ಕೆಂಪಾಯಿತು. "ಅಮ್ಮಾ! ಅದು ಬರೀ ಪದ!"

"ಹೌದಮ್ಮ, ಪದ," ಎಂದ ಅವನು ಗಾಬರಿಯಲ್ಲಿ. "ತಲೆ ಇನ್ನೂ ತಾಗಿಲ್ಲ."

"ಇನ್ನೂ?"

ಅವನಿಗೆ ಕೆಮ್ಮು ಹತ್ತಿತು. ಅಮ್ಮ ಇಬ್ಬರ ಮುಖವನ್ನೂ ಒಮ್ಮೆ ನೋಡಿದರು. ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಸುಳ್ಳು ಹೇಳಿ ಒಳಗೆ ಹೋದರು.

"ಎರಡೂ ಒಂದೇ," ಎಂದಳು ಅವಳು, ಮೇಜು ನೋಡುತ್ತಾ. "ನಂಗೆ ಮೊದಲೇ ಗೊತ್ತಿತ್ತು. ಒಪ್ಪಿಕೊಂಡ್ರೆ ನೀವು ಹೊರಟುಬಿಡ್ತೀರಿ ಅಂತ..."

"ನಿಮಗೆ ಗೊತ್ತಿದೆ ಅಂತ ನಂಗೂ ಗೊತ್ತಿತ್ತು. ಇಲ್ಲದಿದ್ರೆ ಒಂದು ಹೇನಿಗೋಸ್ಕರ ಯಾರಾದ್ರೂ ಟ್ರೈನ್ ಟಿಕೆಟ್ ಕ್ಯಾನ್ಸಲ್ ಮಾಡ್ತಾರಾ?"

ಅವಳು ತಲೆಯೆತ್ತಿದಳು. ನಗು ಬಂತು, ಜೊತೆಗೆ ಕಣ್ಣೀರೂ ಬಂತು. ಅವನೆಂದರೆ ಅವಳಿಗೆ ಅಷ್ಟು ಪ್ರೀತಿ.

"ಕೊನೇ ಪದಾನೂ ಮುಗೀತು. ನಾಳೆಯಿಂದ ಯಾವ ನೆಪದಲ್ಲಿ ಜಗಳ ಆಡೋದು?"

"ಮದುವೆ ಆಗೋಣ," ಎಂದ ಅವನು. "ನೆಪ ತಾನಾಗೇ ಸಿಗುತ್ತೆ."

ಇದನ್ನು ಮಾತ್ರ ಅವಳು ಒಂದೇ ಮಾತಿಗೆ ಒಪ್ಪಿದಳು.