ಎರಡು ಹಲ್ಲು, ಎರಡು ಬಾಳೆಹಣ್ಣು

"ಬಾಳೆಹಣ್ಣು ತಿಂದ್ರ ತಿಂದಂಗಲ್ಲ ಬೇ," ಎಂದಳು ಆಯಿ ಮೊಮ್ಮಗಳಿಗೆ, ಸಿಪ್ಪೆ ಸುಲಿಯುತ್ತಾ. "ಶಿವರಾತ್ರಿ ದಿನ ನೀ ತಿಂದಿಲ್ಲೇನು? ಅವತ್ತ ಉಪಾಸ ಕೆಟ್ಟಿತ್ತೇನು?"

ಕೆಟ್ಟಿರಲಿಲ್ಲ. ಮಹಾನಂದಾ ಬಾಗಿಲ ಕಡೆ ನೋಡಿದಳು. ಬಿಜ್ಜರಗಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಅಪ್ಪ ಬೀರಣ್ಣ ಹಿತ್ತಲಲ್ಲಿ ಆಡುಗಳಿಗೆ ಮೇವು ಹಾಕುತ್ತಿದ್ದ. "ರಾತ್ರಿ ಊಟ ಆದಮ್ಯಾಲ ಹಲ್ಲು ಕೀಳೂತನಕ ಏನೂ ತಿನ್ನಂಗಿಲ್ಲಂತ" ಎಂದು ಅವನು ನಿನ್ನೆ ಎಲ್ಲರಿಗೂ ಕೇಳುವಂತೆ ಹೇಳಿದ್ದ.

ಆದರೆ ಉಪವಾಸದ ವಿಷಯದಲ್ಲಿ ಮನೆಗೆಲ್ಲ ಆಯಿಯೇ ದೊಡ್ಡವಳು. ಸೋಮವಾರ ಬಂದರೆ ಉಪವಾಸ, ಏಕಾದಶಿ ಬಂದರೆ ಉಪವಾಸ. ಅವಳಿಗೆ ಗೊತ್ತಿಲ್ಲದ್ದು ಏನಿದೆ? ಮಹಾನಂದಾ ನೋವಿಲ್ಲದ ಕಡೆಯ ದವಡೆಯಲ್ಲಿ ಅಗಿದು ಹಣ್ಣು ತಿಂದುಬಿಟ್ಟಳು. ಆಯಿ ಇನ್ನೊಂದು ಹಣ್ಣನ್ನು ಕೈಚೀಲಕ್ಕೆ ಹಾಕಿಕೊಂಡಳು.

"ಇದು ದಾರಿಗೆ."

ವಿಜಯಪುರದ ಬಸ್ಸು ಟಿಕೋಟಾ ದಾಟುವಷ್ಟರಲ್ಲಿ ಮಹಾನಂದಾಳಿಗೆ ಕಸಿವಿಸಿ ಶುರುವಾಯಿತು. ಶಿವರಾತ್ರಿ ದೇವರದು. ಇದು ಡಾಕ್ಟರದು. ಎರಡೂ ಒಂದೇ ಆಗುತ್ತದೆಯೇ?

ಹೋದ ವಾರ ಅವಳು ವಿಜಯಪುರದ ಹಲ್ಲಿನ ದವಾಖಾನೆಗೆ ಹೋಗಿದ್ದಳು. ಕೆಳಗಿನ ಎರಡು ದವಡೆಹಲ್ಲು ಹುಳುಕಾಗಿ, ಕೀವು ತುಂಬಿ, ಗಲ್ಲ ಊದಿತ್ತು. ಸಾಲೆಯಲ್ಲಿ ಹುಡುಗರು "ಗಲ್ಲದಾಗ ಲಾಡು ಇಟ್ಕೊಂಡು ಬಂದಾಳ, ನಮಗೂ ಕೊಡ ಬೇ" ಎಂದು ಕಾಡಿಸುತ್ತಿದ್ದರು. ಡಾಕ್ಟರ್ ಅನುಜಾ ಮೆತ್ತಗೆ ಮಾತಾಡುತ್ತಲೇ ಬಾಯೊಳಗೆ ಬೆರಳು ಹಾಕಿದ್ದರು. ಅಷ್ಟರಲ್ಲಿ ಮಹಾನಂದಾಳ ಕಣ್ಣಿಗೆ ಇಂಜೆಕ್ಷನ್ ಸೂಜಿ ಬಿತ್ತು. ಅವಳು ಬಾಯಿ ಮುಚ್ಚಿದಳು. ಬೆರಳು ಇನ್ನೂ ಒಳಗೇ ಇತ್ತು.

ಆಮೇಲೆ ಟ್ರೇ ನೆಲಕ್ಕೆ ಬಿತ್ತು. ಸ್ಟೇಷನ್ ರಸ್ತೆಯಲ್ಲಿ ಚಪ್ಪಲಿ ಅಂಗಡಿಯ ತನಕ ಓಡಿದವಳನ್ನು ಅಪ್ಪ ಹಿಡಿದು ತಂದಿದ್ದ. ಡಾಕ್ಟರು ಬೆರಳು ಒತ್ತಿಕೊಳ್ಳುತ್ತಾ, "ಈಕಿಗೆ ನಿದ್ದಿ ಬರಿಸಿ ತಗಿಯೂಣ್ರಿ. ಭಾಳ ಅಂಜೂ ಮಕ್ಕಳಿಗೆ ಹಂಗ ಮಾಡ್ತೀವಿ. ಏನೂ ಗೊತ್ತಾಗೂದಿಲ್ಲ," ಎಂದಿದ್ದರು.

ಈ ಸಲ ಕಚ್ಚಬಾರದು, ಓಡಬಾರದು ಎಂದು ಮಹಾನಂದಾ ವಾರವಿಡೀ ತನಗೆ ತಾನೇ ಹೇಳಿಕೊಂಡಿದ್ದಳು. ಈಗ ನೋಡಿದರೆ ಹೊಟ್ಟೆಯಲ್ಲಿ ಬಾಳೆಹಣ್ಣು ಕೂತಿತ್ತು.

ದವಾಖಾನೆಯಲ್ಲಿ ಡಾಕ್ಟರ್ ಅನುಜಾ ಮೊದಲು ಕೇಳಿದ್ದೇ ಅದನ್ನು. "ಮುಂಜಾನೆ ಏನರ ತಿಂದಾಳೇನ್ರಿ?"

"ಏನೂ ಇಲ್ರಿ," ಎಂದ ಅಪ್ಪ.

ಆಯಿ ಸೆರಗು ಸರಿ ಮಾಡಿಕೊಂಡು ಗೋಡೆಯ ಮೇಲಿನ ದೊಡ್ಡ ಹಲ್ಲಿನ ಚಿತ್ರ ನೋಡತೊಡಗಿದಳು.

ಗಾಜಿನ ಬಾಗಿಲಿನಾಚೆ, ಹೋದ ವಾರ ಎದ್ದು ಓಡಿದ್ದ ಆ ಕುರ್ಚಿ ಕಾಣುತ್ತಿತ್ತು. ಹೇಳಿದರೆ ವಾಪಸ್ ಕಳಿಸುತ್ತಾರೆ. ಅದು ಒಳ್ಳೆಯದೇ ಅಲ್ಲವೇ? ಹೇಳದಿದ್ದರೆ ಇವತ್ತೇ ಮುಗಿದುಹೋಗುತ್ತದೆ. ಅದೂ ಒಳ್ಳೆಯದೇ. ಮಹಾನಂದಾ ಕುರ್ಚಿಯಿಂದ ಕಣ್ಣು ತೆಗೆದಳು. ಕೊನೆಗೆ ಅವಳು ಎದ್ದು ನಿಂತಳು.

"ಬಾಳೆಹಣ್ಣು ತಿಂದೀನ್ರಿ."

ಅಪ್ಪ ಹಣೆಗೆ ಕೈ ಹಚ್ಚಿದ. "ಸುಳ್ಳು ಹೇಳ್ತಾಳ್ರಿ ಮೇಡಮ್ಮರ. ಹೋದ ಸರ್ತಿ ಓಡಿದ್ಲಲ್ಲ, ಈ ಸರ್ತಿ ಇದೊಂದು ನೆವ. ಹಿಂಗ ದಿನಾ ಕೆಲಸ ಬಿಟ್ಟು ನಾ ಎಲ್ಲಿಂದ ಬರಲಿ?"

"ನೆವ ಅಲ್ಲಪ್ಪಾ. ಖರೇನ ತಿಂದೀನಿ."

ಯಾರು ಕೊಟ್ಟರು ಎಂದು ಅವಳು ಹೇಳಲಿಲ್ಲ. ಕಣ್ಣೀರು ತುಂಬಿ ಬಂದರೂ ಹೇಳಲಿಲ್ಲ. ಗೋಡೆಯ ಹಲ್ಲನ್ನು ನೋಡುತ್ತಿದ್ದ ಆಯಿ ನಿಧಾನಕ್ಕೆ ಈ ಕಡೆ ತಿರುಗಿದಳು.

"ನಾನ ಕೊಟ್ಟೀನ್ರಿ ಯವ್ವಾ. ಉಪಾಸಕ್ಕ ನಡೀತೈತಲ್ರಿ ಅದು."

ಡಾಕ್ಟರಿಗೆ ನಗು ಬಂದಂತಾಯಿತು. ಆದರೆ ನಗಲಿಲ್ಲ. ಆಯಿಯ ಪಕ್ಕದ ಕುರ್ಚಿಯಲ್ಲಿ ಕೂತರು. "ದೇವರ ಉಪಾಸಕ್ಕ ನಡೀತೈತ್ರಿ ಅಮ್ಮಾರ. ಇದಕ್ಕ ನಡಿಯೂದಿಲ್ಲ. ನಿದ್ದ್ಯಾಗ ಇದ್ದಾಗ ಹೊಟ್ಟ್ಯಾಗಿನದು ವಾಂತಿ ಆಗಿ ಮ್ಯಾಲ ಬಂತಂದ್ರ ಉಸಿರಿನ ದಾರಿಗೆ ಹೋಗಿ ಸಿಕ್ಕೊಂತೈತಿ. ಜೀವಕ್ಕ ಅಪಾಯ. ಈಕಿ ಹೇಳಿದ್ದು ಚಲೋ ಆತು."

ಆಯಿಯ ಮುಖ ಸಣ್ಣದಾಯಿತು. ಅಪ್ಪ ಮಹಾನಂದಾಳ ಕಡೆ ನೋಡಿದ. ಅವಳ ತಲೆಯ ಮೇಲೆ ಕೈ ಇಟ್ಟ.

"ಮಧ್ಯಾಹ್ನದ ತನಕ ಏನೂ ತಿನ್ನದ ಕುಂತ್ರ ಇವತ್ತ ಆಗ್ತೈತಿ," ಎಂದು ಡಾಕ್ಟರು ಮಹಾನಂದಾಳನ್ನೇ ಕೇಳಿದರು. "ಇಲ್ಲಾಂದ್ರ ಮುಂದಿನ ವಾರ. ಏನ್ ಮಾಡೂಣು?"

ಮುಂದಿನ ವಾರ. ಎಷ್ಟು ಸಿಹಿ ಮಾತು.

"ಇವತ್ತ ಮಾಡ್ರಿ," ಎಂದಳು ಮಹಾನಂದಾ. "ಮುಂದಿನ ವಾರ ಅಂದ್ರ ಮತ್ತ ವಾರ ಪೂರ್ತಿ ಅಂಜಬೇಕಾಗ್ತೈತ್ರಿ."

ಕಾಯುವುದು ಸುಲಭವಿರಲಿಲ್ಲ. ಎದುರಿನ ಬೆಂಚಿನಲ್ಲಿ ಒಬ್ಬ ಪುಟ್ಟ ಹುಡುಗ ಕುರುಕುರು ಎಂದು ಬಿಸ್ಕಿಟ್ ತಿನ್ನುತ್ತಿದ್ದ. ಕಿಟಕಿಯಿಂದ ಮಿರ್ಚಿ ಭಜಿ ಕರಿಯುವ ವಾಸನೆ ಬರುತ್ತಿತ್ತು. ಅಪ್ಪ ಹೊರಗೆ ಹೋಗಿ ಚಹಾ ಕುಡಿದು, ಮೀಸೆ ಒರೆಸಿಕೊಳ್ಳುತ್ತಾ ಕಳ್ಳನ ಹಾಗೆ ಒಳಗೆ ಬಂದ. ಮಹಾನಂದಾ ಒಂದೊಂದು ಸಲ ಆ ಕುರ್ಚಿಯ ಕಡೆ ನೋಡುತ್ತಿದ್ದಳು. ನೋಡಿ, ಬೇಗ ಬೇರೆ ಕಡೆ ತಿರುಗುತ್ತಿದ್ದಳು.

ಆಯಿಯ ಕೈ ಮಾತ್ರ ಅಭ್ಯಾಸಬಲದಿಂದ ಚೀಲದೊಳಗೆ ಹೋಯಿತು. ಮಹಾನಂದಾ ಅವಳ ಮಣಿಕಟ್ಟು ಹಿಡಿದಳು.

"ಆಯಿ, ಚೀಲ ಅಪ್ಪಗ ಕೊಡು."

"ನಾ ಏನ್ ತಗದ್ನಿ ಈಗ?"

"ತಗಿಯೂದಕ್ಕಿಂತ ಮೊದಲ ಕೊಡು."

ಆಯಿ ಚೀಲ ಕೊಟ್ಟಳು. ಮಹಾನಂದಾಳ ಹತ್ತಿರ ಸರಿದಳು. ಆಮೇಲೆ ಬೇರೆ ಯಾರಿಗೂ ಕೇಳದ ಹಾಗೆ ಹೇಳಿದಳು. "ನಿದ್ದಿ ಬರಸ್ತಾರಂತ ನಿಮ್ಮಪ್ಪ ಅಂದಾಗಿಂದ ನನ್ನ ಕಣ್ಣಿಗೆ ನಿದ್ದಿ ಹತ್ತಿಲ್ಲ ಬೇ. ಖಾಲಿ ಹೊಟ್ಟೀಲೆ ಮಲಗಿದ ಕೂಸು ಎದ್ದೀತೋ ಇಲ್ಲೋ ಅಂತ."

ಮಹಾನಂದಾ ಆಯಿಯ ಕೈ ನೋಡಿದಳು. ಆಡಿನ ಹಾಲು ಹಿಂಡಿ ಹಿಂಡಿ ಗಟ್ಟಿಯಾದ ಕೈ. ಅದನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಎದ್ದ ಕೂಡ್ಲೆ ಮೊದಲ ನಿನ್ನ ಕರೀತೀನಿ," ಎಂದಳು. "ನೀ ಬಾಗಿಲದಾಗ ನಿಂತಿರು."

ಮಧ್ಯಾಹ್ನ ಹೆಸರು ಕರೆದಾಗ ಅಪ್ಪ ಎತ್ತಿಕೊಳ್ಳಲು ಬಗ್ಗಿದ. "ನಾನ ಹೋಗ್ತೀನಿ," ಎಂದು ಮಹಾನಂದಾ ನಡೆದು ಹೋಗಿ ಕುರ್ಚಿ ಹತ್ತಿದಳು. ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ನಿದ್ದೆ ಬರಿಸುವ ಡಾಕ್ಟರು ಅವಳ ಮೂಗು ಬಾಯಿಗೆ ಮೆತ್ತನೆಯ ಮಾಸ್ಕ್ ಇಟ್ಟರು. "ಸ್ಟ್ರಾಬೆರಿ ವಾಸನಿ ಬರ್ತೈತಿ ನೋಡು," ಎಂದರು. ಮಹಾನಂದಾಳಿಗೆ ಅದು ತನ್ನ ಕಂಪಾಸ್ ಬಾಕ್ಸಿನ ಸೆಂಟ್ ರಬ್ಬರಿನ ವಾಸನೆ ಅನ್ನಿಸಿತು. ಗೊತ್ತಿದ್ದ ವಾಸನೆಯೇ. ಅವಳು ಮನಸ್ಸಿನಲ್ಲೇ ಆಡುಗಳ ಹೆಸರು ಹೇಳತೊಡಗಿದಳು. ಕೆಂಚಿ, ಗೌರಿ, ಬಂಡಿ...

ಬಂಡಿಯ ಮುಂದಿನ ಆಡು ನೆನಪಾಗುವ ಮೊದಲೇ ಯಾರೋ ಕರೆದರು. "ಮಹಾನಂದಾ, ಮುಗೀತು. ಕಣ್ಣ ತಗಿಯವಾ."

ಬಾಯಲ್ಲಿ ಹತ್ತಿ ಇತ್ತು. ತುಟಿ ತನ್ನದಲ್ಲ ಅನ್ನಿಸುವಷ್ಟು ಭಾರವಾಗಿತ್ತು. ಡಾಕ್ಟರ್ ಅನುಜಾ ತಮ್ಮ ಐದೂ ಬೆರಳು ತೋರಿಸಿ, "ನೋಡು, ಎಲ್ಲಾ ಅದಾವ," ಎಂದರು. ಅವಳು ಬಾಗಿಲ ಕಡೆ ತಿರುಗಿ ಹತ್ತಿಯ ನಡುವಿನಿಂದಲೇ ಕರೆದಳು.

"ಆಹಿ."

ಬಾಗಿಲಲ್ಲಿ ನಿಂತಿದ್ದ ಆಯಿ ಗೋಡೆ ಹಿಡಿದುಕೊಂಡಳು. ಆಮೇಲೆ ಹತ್ತಿರ ಬಂದು ಅವಳ ಊದಿದ ಗಲ್ಲದ ಹತ್ತಿರ ಕೈ ತಂದು, ಮುಟ್ಟದೆ ನಿಂತಳು.

ಹೊರಡುವಾಗ ಆಯಿ ಡಾಕ್ಟರ ಮುಂದೆ ನಿಂತು ಕೇಳಿದಳು. "ಬಾಳೆಹಣ್ಣು ಈಗ ನಡೀತೈತೇನ್ರಿ?"

ಈ ಸಲ ಡಾಕ್ಟರು ನಕ್ಕೇಬಿಟ್ಟರು. "ಸಂಜಿಗಿ ನಡೀತೈತ್ರಿ. ಮೆತ್ತಗ ಮಾಡಿ ಕೊಡ್ರಿ."

ಸಂಜೆಯ ಬಸ್ಸಿನಲ್ಲಿ ಅಪ್ಪ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದ. ಮಹಾನಂದಾಳ ಬಾಯಿಯ ಜೋಮು ಇಳಿದಿತ್ತು. ಆಯಿ ಚೀಲದಿಂದ ಹಣ್ಣು ತೆಗೆದಳು. ಅದರ ಸಿಪ್ಪೆ ಅಲ್ಲಲ್ಲಿ ಕಪ್ಪಾಗಿತ್ತು.

ಮುಂಜಾನೆ ಆಯಿ ಚಹಾ ಕುಡಿದದ್ದನ್ನು ತಾನು ನೋಡಿಲ್ಲ ಎಂದು ಮಹಾನಂದಾಳಿಗೆ ಆಗ ಹೊಳೆಯಿತು. ಮಧ್ಯಾಹ್ನ ಅಪ್ಪ ಊಟಕ್ಕೆ ಕರೆದಾಗಲೂ ಆಯಿ ಬೆಂಚು ಬಿಟ್ಟು ಎದ್ದಿರಲಿಲ್ಲ. ಇವತ್ತು ಸೋಮವಾರವೂ ಅಲ್ಲ, ಏಕಾದಶಿಯೂ ಅಲ್ಲ.

ಅವಳು ಆಯಿಯ ಕೈಯಿಂದ ಹಣ್ಣು ತೆಗೆದುಕೊಂಡು, ಮೆತ್ತಗಿನ ತುದಿಯನ್ನು ಮುರಿದು, ಆಯಿಯ ಬಾಯಿಯ ಹತ್ತಿರ ಹಿಡಿದಳು.

"ಮೊದಲ ನೀ ಉಪಾಸ ಬಿಡು, ಆಯಿ."