ಹೊಸ ಪವರ್ ಸಪ್ಲೈ, ಹಳೆಯ ಕೇಬಲ್

"ಲೇ ಮನು, ಗುರ್ತು ಸಿಗಲಿಲ್ಲೇನು?"

ಬಾಗಿಲಲ್ಲಿ ನಿಂತವಳು ಹಾಗೆ ಕರೆದದ್ದೇ ತಡ, ಮನೋಹರ್ ಸ್ಕ್ರೂಡ್ರೈವರ್ ಕೆಳಗಿಟ್ಟು ಎದ್ದು ನಿಂತ. ಸ್ಫೂರ್ತಿ ಮೊದಲು ಗಮನಿಸಿದ್ದು ಬಂದವಳ ಮುಖವನ್ನಲ್ಲ, ಅವನು ಎದ್ದದ್ದನ್ನು. ಹೊಸಪೇಟೆಯ ಕಾಲೇಜು ರಸ್ತೆಯ ಈ ಪುಟ್ಟ ಕಂಪ್ಯೂಟರ್ ಅಂಗಡಿಯಲ್ಲಿ ಅವರಿಬ್ಬರೂ ಕೆಲಸಕ್ಕಿದ್ದರು. ಅವಳು ಬಂದಾಗ ಅವನು ಒಂದು ದಿನವೂ ಎದ್ದವನಲ್ಲ. ಹಾಗೆ ಏಳಲಿ ಎಂದು ಅವಳೂ ಬಯಸಿರಲಿಲ್ಲ. ಈಗ ಬಯಸತೊಡಗಿದಳು.

"ಶ್ರೀಪ್ರಿಯಾ. ಭಾಳ ದಿನ ಆತಲ್ಲ. ಬಾ, ಕುಂದ್ರು."

ಡಿಪ್ಲೊಮಾದಲ್ಲಿ ಜೊತೆಗೆ ಓದಿದವಳಂತೆ. ಹಂಪಿಯ ಮಂಟಪಗಳ ಒಂದೊಂದು ಕಂಬವನ್ನೂ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಕೂಡಿಸಿಡುವ ತಂಡದಲ್ಲಿ ಈಗ ಕೆಲಸ. ಹೆಗಲ ಚೀಲದಿಂದ ಅವಳು ತೆಗೆದ ಕಂಪ್ಯೂಟರ್ ಒಂದು ಚಪ್ಪಲಿ ಡಬ್ಬಿಯಷ್ಟಿತ್ತು.

"ಬಿಸಿಲಾಗ ಹೊತ್ಕೊಂಡು ತಿರುಗಬೇಕು ನೋಡು, ಅದಕ್ಕ ಇಷ್ಟು ಸಣ್ಣದು. ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದಾಗಿಂದ ಕೆಲಸದ ನಡುವ ಪಟ್ ಅಂತ ಬಂದ್ ಆಗತೈತಿ."

"ಪವರ್ ಸಪ್ಲೈ ಸಾಲವಲ್ದು. ಅದ ಕಂಪನಿದು ಹೊಸದು ಬಂದೈತಿ. ಅಳತಿ ಅಷ್ಟ, ತಾಕತ್ತು ಡಬಲ್."

ಅವನು ಪೆಟ್ಟಿಗೆ ಬಿಚ್ಚಿದ. ಟಿಫಿನ್ ಡಬ್ಬಿಯಷ್ಟೇ ಇದ್ದ ಆ ಕಪ್ಪು ವಸ್ತುವನ್ನು ಶ್ರೀಪ್ರಿಯಾ ಅಂಗೈಯಲ್ಲಿಟ್ಟು ತೂಗಿದಳು. "ಎಷ್ಟು ಚಂದ ಐತಲ್ಲೋ ಇದು."

ಮನೋಹರ್ ನಕ್ಕ. ಕಣ್ಣಿನ ಪಕ್ಕದಲ್ಲಿ ಸಣ್ಣ ಗೆರೆ ಮೂಡುವ ನಗೆ. ಆ ಪೆಟ್ಟಿಗೆ ಅಂಗಡಿಗೆ ಬಂದ ದಿನ ಸ್ಫೂರ್ತಿಗೂ ಇದೇ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹುಚ್ಚುತನ ಅಂದುಕೊಂಡಾನು ಎಂದು ನುಂಗಿಕೊಂಡಿದ್ದಳು. ಇವಳು ಬಂದ ಐದೇ ನಿಮಿಷಕ್ಕೆ ಹೇಳಿಬಿಟ್ಟಳು.

ಅಂಗಡಿಗೊಂದು ನಿಯಮವಿತ್ತು, ಮಾಲೀಕ ಹಾಲಸ್ವಾಮಿಯವರು ಮಾಡಿದ್ದು. ಜೋಡಿಸಿದವರು ಸ್ವಿಚ್ ಒತ್ತಬಾರದು. ಇನ್ನೊಬ್ಬರು ಪ್ರತಿಯೊಂದು ಕೇಬಲಿನ ಮೇಲೂ ಬೆರಳಿಟ್ಟು ನೋಡಿ, ಆಮೇಲೆ ಒತ್ತಬೇಕು. ಜೋಡಿಸುವವನು ಮನೋಹರ್, ನೋಡುವವಳು ಸ್ಫೂರ್ತಿ. ಇಂಥ ಸಣ್ಣ ಕಂಪ್ಯೂಟರ್ ಕೇಸಿನೊಳಗೆ ನೋಡಲು ಇಬ್ಬರೂ ಒಂದೇ ದೀಪದ ಕೆಳಗೆ ಬಗ್ಗಬೇಕಾಗುತ್ತಿತ್ತು. ಅವನ ಉಸಿರು ಅವಳ ಮುಂಗೂದಲಿಗೆ ತಾಗುತ್ತಿತ್ತು. ಅದಕ್ಕೇ ಅವಳು ಒಂದೊಂದು ಕೇಬಲನ್ನೂ ಅಷ್ಟು ನಿಧಾನವಾಗಿ ನೋಡುತ್ತಿದ್ದಳು.

ಇವತ್ತು ಆ ದೀಪದ ಕೆಳಗೆ ಶ್ರೀಪ್ರಿಯಾ ಬಗ್ಗಿದ್ದಳು.

"ಇಲ್ಲೇ ಕುಂತು ಏನ್ಮಾಡ್ತೀ? ನಮ್ಮ ಟೀಮಿಗೆ ಬಾರಲೇ," ಎಂದಳು ಶ್ರೀಪ್ರಿಯಾ. "ಮಷೀನು ನೋಡ್ಕೊಳ್ಳಾಕ ಒಬ್ಬರು ಬೇಕಾಗ್ಯಾರ. ದಿನಾ ಹಂಪಿ, ದಿನಾ ನಾನು."

"ನೋಡೋಣ."

ಇಲ್ಲ ಅನ್ನಲಿಲ್ಲ. ನೋಡೋಣ ಅಂದ. ಇವನಿಲ್ಲದ ಅಂಗಡಿಯನ್ನು ಸ್ಫೂರ್ತಿ ಆ ಕ್ಷಣ ಕಣ್ಣಾರೆ ಕಂಡಳು. ಶಟರ್, ಕುರ್ಚಿ, ದೀಪ ಎಲ್ಲವೂ ಇದ್ದವು. ಬೆಳಿಗ್ಗೆ ಬೇಗ ಬರಲು ಕಾರಣ ಮಾತ್ರ ಇರಲಿಲ್ಲ.

"ಡಿಸ್ಕಿನ ಕೇಬಲ್ ಕೊಡ್ರಿ," ಎಂದು ಮನೋಹರ್ ತಿರುಗಿ ನೋಡದೆ ಕೈ ಚಾಚಿದ. ಯಾವಾಗಲೂ ಹಾಗೇ, ಅವನು ಕೈ ಚಾಚಿದರೆ ಬೇಕಾದದ್ದು ಅಂಗೈಗೆ ಬಂದಿರುತ್ತಿತ್ತು. ಸ್ಫೂರ್ತಿ ಕೇಬಲ್ ಕೊಟ್ಟಳು. ಆದರೆ ಕಣ್ಣು ಕೇಬಲಿನ ಮೇಲಿರಲಿಲ್ಲ. ಶ್ರೀಪ್ರಿಯಾ ಅವನ ಕಿವಿಯ ಹತ್ತಿರ ಏನೋ ಹೇಳುತ್ತಿದ್ದಳು.

ಜೋಡಣೆ ಮುಗಿಯುತ್ತಿದ್ದಂತೆ ಸ್ಫೂರ್ತಿ ಮೇಜಿನ ಮೇಲಿದ್ದ ತನ್ನ ಊಟದ ಡಬ್ಬಿ, ದುಪಟ್ಟಾ ಎಲ್ಲವನ್ನೂ ಬಾಚಿ ಚೀಲಕ್ಕೆ ತುಂಬಿದಳು.

"ಬಸ್ಸಿಗೆ ಹೊತ್ತಾತು."

"ಚೆಕ್ ಮಾಡಂಗಿಲ್ಲೇನ್ರಿ?"

"ನಿಮ್ಮ ಫ್ರೆಂಡ್ ಅದಾರಲ್ಲ. ಅವರ ನೋಡಲಿ, ಅವರ ಒತ್ತಲಿ."

ಕಂಪ್ಲಿ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಅಳುವಂಥದ್ದೇನೂ ಆಗಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಕಂಡಕ್ಟರ್ ಹತ್ತಿರ ಬಂದಾಗ ಆಧಾರ್ ಕಾರ್ಡ್ ತೆಗೆಯಲು ಚೀಲದೊಳಗೆ ಕೈ ಹಾಕಿದಳು. ಕೈಗೆ ಸಿಕ್ಕಿದ್ದು ಒಂದು ಕಪ್ಪು ಪೌಚ್. ಹೊಸ ಪವರ್ ಸಪ್ಲೈ ಜೊತೆ ಬಂದ ಡಿಸ್ಕಿನ ಕೇಬಲ್‌ಗಳು. ಸೀಲು ಒಡೆದಿರಲಿಲ್ಲ.

ಹಾಗಾದರೆ ತಾನು ಕೊಟ್ಟದ್ದು ಹಳೆಯ ಪವರ್ ಸಪ್ಲೈನ ಕೇಬಲ್.

ಎರಡೂ ಒಂದೇ ಕಂಪನಿಯವು. ಪಿನ್ನು ಹಾಗೇ ಕೂಡುತ್ತದೆ, ಯಾರಿಗೂ ಅನುಮಾನ ಬಾರದು. ಆದರೆ ಒಳಗಿನ ತಂತಿಗಳ ಸಾಲು ಬೇರೆ. ಸ್ವಿಚ್ ಒತ್ತಿದರೆ ಡಿಸ್ಕ್ ತಡೆಯಲಾರದಷ್ಟು ಕರೆಂಟ್ ಅದರೊಳಗೆ ನುಗ್ಗುತ್ತದೆ. ಹಂಪಿಯ ಕಂಬಗಳೆಲ್ಲ ಆ ಡಿಸ್ಕಿನಲ್ಲೇ ಇದ್ದವು.

ಫೋನ್ ಮಾಡಿದಳು. ಅವನು ಎತ್ತಲಿಲ್ಲ. ಕೆಲಸಕ್ಕೆ ಕೂತರೆ ಫೋನನ್ನು ಡ್ರಾಯರಿಗೆ ಹಾಕುವುದು ಅವನ ಅಭ್ಯಾಸ.

ಆಗ ಒಂದು ಯೋಚನೆ ಬಂತು. ಜೋಡಿಸಿದ್ದು ಅವನ ಕೈ. ಸುಟ್ಟರೆ ಹೆಸರು ಕೆಡುವುದು ಅವನದು. ಆಮೇಲೆ ಶ್ರೀಪ್ರಿಯಾ ಅವನನ್ನು ತಂಡಕ್ಕೆ ಕರೆಯಲಾರಳು, ಮಾತೂ ಆಡಿಸಲಾರಳು. ಸುಮ್ಮನೆ ಕೂತಿದ್ದರೆ ಸಾಕು.

ಬಸ್ಸು ಒಂದು ತಿರುವು ದಾಟುವಷ್ಟು ಹೊತ್ತು ಅವಳು ಸುಮ್ಮನೆ ಕೂತಳು. ತನ್ನೊಳಗೆ ಇಂಥದ್ದೊಂದು ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಭಯವಾಯಿತು. ಕಮಲಾಪುರ ಬರುತ್ತಲೇ ಇಳಿದು ಆಟೋ ಹಿಡಿದಳು.

ಅಂಗಡಿಯಲ್ಲಿ ಶ್ರೀಪ್ರಿಯಾ ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದಳು. ಕಂಪ್ಯೂಟರಿನ ವಯರು ಪ್ಲಗ್ಗಿನಲ್ಲಿತ್ತು.

"ಸ್ವಿಚ್ ಒತ್ತಬ್ಯಾಡ್ರಿ," ಎಂದಳು ಸ್ಫೂರ್ತಿ ಬಾಗಿಲಿಂದಲೇ.

"ಇವ ಒತ್ತಾಕ ಬಿಟ್ರ ಅಲ್ಲೇನ್ರಿ?" ಶ್ರೀಪ್ರಿಯಾ ಮುಖ ಸಿಂಡರಿಸಿದಳು. "ನಾ ಬೆರಳು ಇಟ್ರ ಕೈ ಹಿಡಿದು ಸರಿಸಿದ. ಸ್ಫೂರ್ತಿ ನೋಡದ ಚಾಲೂ ಮಾಡಂಗಿಲ್ಲ, ನಾಳೆ ಬಾ ಅಂತಾನ. ನನ್ನ ಕೆಲಸ ಏನಾಗಬೇಕು?"

ಡಿಸ್ಕ್ ಉಳಿದಿತ್ತು. ಆ ಸಮಾಧಾನದ ನಡುವೆಯೂ, ಕೈ ಹಿಡಿದು ಅಂದಳಲ್ಲ, ಆ ಮಾತು ಮುಳ್ಳಿನಂತೆ ಚುಚ್ಚಿತು.

ಸ್ಫೂರ್ತಿ ಪೌಚನ್ನು ಮೇಜಿನ ಮೇಲಿಟ್ಟಳು. "ನಾ ಹಳೇ ಕೇಬಲ್ ಕೊಟ್ಟೀನಿ. ತಪ್ಪು ನಂದು, ಇವರದಲ್ಲ. ಒತ್ತಿದ್ರ ನಿಮ್ಮ ಡಿಸ್ಕ್ ಹೋಗತಿತ್ತು."

ಮನೋಹರ್ ಮುಖದ ಬಣ್ಣ ಇಳಿಯಿತು. ಶ್ರೀಪ್ರಿಯಾ ಇಬ್ಬರನ್ನೂ ಒಮ್ಮೆ ನೋಡಿದಳು. ಬೈಯಲು ಬಾಯಿ ತೆರೆದವಳು, ಏನು ತಿಳಿಯಿತೋ, "ಹೊರಗ ಚಾ ಕುಡಿದು ಬರ್ತೀನಿ. ಅಷ್ಟರಾಗ ನನ್ನ ಕಂಬ ಕಾಣಬೇಕು," ಎಂದು ಎದ್ದು ಹೋದಳು.

ಪ್ಲಗ್ ತೆಗೆದು ಇಬ್ಬರೂ ದೀಪದ ಕೆಳಗೆ ಬಗ್ಗಿದರು. ಹಳೆಯ ಕೇಬಲ್ ಹೊರಗೆ ಬಂತು.

"ನೀವು ಯಾವತ್ತೂ ತಪ್ಪು ಕೊಟ್ಟಿಲ್ಲ," ಅವನು ಮೆಲ್ಲಗೆ ಕೇಳಿದ. "ಇವತ್ತ ಯಾಕ?"

"ಕೇಬಲ್ ನೋಡಿರಲಿಲ್ಲ."

"ಮತ್ತ ಏನು ನೋಡ್ತಿದ್ರಿ?"

"ನೀವು ಅವರನ್ನ ನೋಡೋದನ್ನ."

ಅವನ ಕೈ ಕೇಸಿನೊಳಗೇ ನಿಂತಿತು. ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳಬಹುದಾಗಿದ್ದರೆ ಸ್ಫೂರ್ತಿ ತೆಗೆದುಕೊಂಡುಬಿಡುತ್ತಿದ್ದಳು.

"ನೀವು ಹೋದ ಮ್ಯಾಲೆ ಶ್ರೀಪ್ರಿಯಾಗ ಹೇಳಿದೆ, ನಾ ಹಂಪಿಗೆ ಬರಂಗಿಲ್ಲ ಅಂತ," ಎಂದ ಅವನು. "ಯಾಕ ಅಂತ ಕೇಳಿದ್ಳು. ಕಾರಣ ಕಂಪ್ಲಿ ಬಸ್ಸು ಹತ್ತಿ ಹೋತು ಅಂದೆ."

ಸ್ಫೂರ್ತಿ ಪೌಚಿನ ಸೀಲು ಒಡೆದು ಹೊಸ ಕೇಬಲನ್ನು ಅವನ ಅಂಗೈಗಿಟ್ಟಳು.

"ಭಾನುವಾರ ಕಂಪ್ಲಿಗೆ ಬಂದು ನಿಮ್ಮ ಅಪ್ಪಾರ ಹತ್ರ ಮಾತಾಡ್ಲೇನು? ನಿಮಗ ಒಪ್ಪಿಗಿ ಇದ್ರ."

"ಬರ್ರಿ," ಎಂದಳು. ಧ್ವನಿ ಅವಳಿಗೇ ಕೇಳಿಸದಷ್ಟು ಸಣ್ಣಗಿತ್ತು. ಕೊನೆಯ ಕೇಬಲಿನವರೆಗೂ ಬೆರಳಿಟ್ಟು ನೋಡಿ, ತಲೆ ಎತ್ತಿದಳು. "ಆದ್ರ ಒಂದು ಮಾತು."

"ಹೇಳ್ರಿ."

"ಇನ್ಮ್ಯಾಲೆ ಯಾರಾದ್ರೂ ಒತ್ತಾಕ ಬಂದ್ರ, ಬ್ಯಾಡ ಅಂತ ಬಾಯಾಗ ಹೇಳಿದ್ರ ಸಾಕು. ಕೈ ಹಿಡಿದು ಸರಿಸೋದೇನು ಬ್ಯಾಡ."