ಮೂವತ್ತೊಂದನೇ ಅಧ್ಯಾಯ

“ಮೊದಲು ಆ ಪುಸ್ತಕ ಮುಚ್ಚಿ! ಇದು ಡಯಾಲಿಸಿಸ್ ವಾರ್ಡು, ನಾಟಕದ ಸ್ಟೇಜ್ ಅಲ್ಲ!”

ಅವಳ ದನಿಗೆ ಆರೂ ಹಾಸಿಗೆಗಳ ರೋಗಿಗಳು ತಲೆಯೆತ್ತಿ ನೋಡಿದರು. ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದವನು ಮಾತ್ರ ಪುಟದಿಂದ ಕಣ್ಣು ಕೀಳಲಿಲ್ಲ. ಇಟ್ಟಿಗೆಯಷ್ಟು ದಪ್ಪದ ಹಳೇ ಇಂಗ್ಲಿಷ್ ಕಾದಂಬರಿ. ಒಂದು ಸಾಲು ಮನಸ್ಸಿನಲ್ಲೇ ಓದಿಕೊಂಡು, ಹಾಸಿಗೆಯಲ್ಲಿದ್ದ ತನ್ನ ಅಮ್ಮನಿಗೆ ಅದನ್ನೇ ಕನ್ನಡದಲ್ಲಿ ಹೇಳುತ್ತಿದ್ದ... ಅದೂ ಕೈಬಾಯಿ ತಿರುಗಿಸಿ, ಇಡೀ ವಾರ್ಡಿಗೆ ಕೇಳುವ ಹಾಗೆ!

“ಒಂದೇ ನಿಮಿಷ ಮೇಡಂ. ಗಿರಣಿಯವನ ಮಗಳು ಈಗಷ್ಟೇ ಅವನ ಮುಖಕ್ಕೆ ಬಾಗಿಲು ಹಾಕಿದ್ದಾಳೆ. ಇಲ್ಲಿ ನಿಲ್ಲಿಸಿದ್ರೆ ಅಮ್ಮನ ಬಿಪಿ ಏರುತ್ತೆ.”

“ಏರಿದ್ರೆ ಇಳಿಸೋಕೆ ನಾನಿದ್ದೀನಿ. ನೀವು ಹೊರಗೆ ನಡೀರಿ!”

ಪಕ್ಕದ ಹಾಸಿಗೆಯಿಂದ ನಿವೃತ್ತ ಸ್ಟೇಷನ್ ಮಾಸ್ಟರ್ ಅಜ್ಜ ಕೈ ಮುಗಿದ. “ಸೂಜಿಯಕ್ಕಾ, ಅವನನ್ನ ಕಳಿಸಬೇಡಮ್ಮ. ನಾಲ್ಕು ಗಂಟೆ ಹೊತ್ತು ಮೇಲಕ್ಕೆ ನೋಡ್ತಾ ಮಲಗಿ ಮಲಗಿ ಈ ಸೀಲಿಂಗಿನ ಬಿರುಕೆಲ್ಲ ನನಗೆ ಬಾಯಿಪಾಠ ಆಗಿದೆ.”

ಸೂಜಿಯಕ್ಕ! ಆ ವಾರ್ಡಿನ ಟೆಕ್ನಿಷಿಯನ್‌ಗೆ ರೋಗಿಗಳು ಇಟ್ಟ ಹೆಸರು ಅದು. ಅವಳು ಸೂಜಿ ಚುಚ್ಚಿದರೆ ನೋವೇ ಗೊತ್ತಾಗುವುದಿಲ್ಲ ಎಂಬ ಪ್ರೀತಿಯಿಂದ ಇಟ್ಟದ್ದು. ವಯಸ್ಸು ಮೂವತ್ತೊಂದು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಮುರಿದಿತ್ತು. ಆಮೇಲಿಂದ ಅವಳು ಯಾರ ಹತ್ತಿರವೂ ಅಗತ್ಯಕ್ಕಿಂತ ಒಂದು ಮಾತು ಹೆಚ್ಚು ಆಡುತ್ತಿರಲಿಲ್ಲ.

“ಸಣ್ಣ ದನಿಯಲ್ಲಿ,” ಎಂದಳು ಗಡುಸಾಗಿ.

ಅವನು ನಕ್ಕ. ಉಗುರಿನ ಸಂದಿಯಲ್ಲಿ ಗ್ರೀಸಿನ ಕಪ್ಪು ಗೆರೆ. ಲಿಫ್ಟ್ ಮೆಕ್ಯಾನಿಕ್ ಅಂತೆ. *ಲಿಫ್ಟ್ ರಿಪೇರಿ ಮಾಡೋನಿಗೆ ಇಷ್ಟು ದಪ್ಪದ ಇಂಗ್ಲಿಷ್ ಪುಸ್ತಕ ಯಾಕಪ್ಪಾ?* ಎಂದುಕೊಂಡಳು.

ಉತ್ತರ ಅವನ ಅಮ್ಮನಿಂದಲೇ ಸಿಕ್ಕಿತು. “ಅವನದ್ದಲ್ಲ ಮಗಳೇ, ಅವರಪ್ಪನ ಪುಸ್ತಕ. ಪ್ರೆಸ್ಸಿನಲ್ಲಿ ಪ್ರೂಫ್ ನೋಡ್ತಿದ್ದರು. ದಿನವೆಲ್ಲ ಓದಿದ್ದು ಸಾಲದು ಅಂತ ಸಂಜೆ ಇದನ್ನ ಹಿಡ್ಕೊಂಡು ಕೂರೋರು. ಒಬ್ಬರೇ ನಗೋರು! ಏನ್ರೀ ಅದು ಅಂದ್ರೆ, ಆಮೇಲೆ ಹೇಳ್ತೀನಿ ಅನ್ನೋರು. ಹೇಳದೇ ಹೋಗಿಬಿಟ್ಟರು. ನನ್ನ ಪಕ್ಕದಲ್ಲೇ ಕೂತು ಎಲ್ಲಿಗೆ ಹೋಗ್ತಿದ್ದರು ಅಂತ... ಒಂದ್ಸಲ ನೋಡಬೇಕು ನಾನು.”

ವಾರಕ್ಕೆ ಮೂರು ದಿನ, ಬೆಳಿಗ್ಗೆ ಏಳರಿಂದ ಹನ್ನೊಂದು. ಮೆಷಿನ್ನು ರಕ್ತ ತಿರುಗಿಸುತ್ತಿತ್ತು, ಅವನು ಪುಟ ತಿರುಗಿಸುತ್ತಿದ್ದ. ಕಥೆಯಲ್ಲಿ ಗಿರಣಿಯವನ ಹಟಮಾರಿ ಮಗಳು, ರೈಲು ಹಳಿಗೆ ಜಾಗ ಅಳೆಯಲು ಬಂದ ಮುಂಗೋಪಿ ಸರ್ವೇಯರ್, ಇಬ್ಬರಿಗೂ ಬೈಯುವ ಅವಳ ಬಾಯಿಬಡುಕಿ ತಾಯಿ. ಸೂಜಿಯಕ್ಕ ಪ್ರೆಶರ್ ಬರೆದುಕೊಳ್ಳುವ ನೆಪದಲ್ಲಿ ಕಿಟಕಿ ಪಕ್ಕ ನಿಲ್ಲುವುದು ಹೆಚ್ಚಾಯಿತು. ಅದು ಅವನಿಗೂ ಗೊತ್ತಾಯಿತು. ಅವಳು ಬೇರೆ ಹಾಸಿಗೆಗೆ ಹೋದರೆ ಅವನು ನೀರು ಕುಡಿಯುವಂತೆ ಮಾಡಿ ಕಾಯುತ್ತಿದ್ದ. ಅವಳು ಬಂದ ಮೇಲೆಯೇ ಮುಂದಿನ ಸಾಲು!

ಅವಳಿಗೆ ತಡೆಯಲಾಗಲಿಲ್ಲ. ಲೈಬ್ರರಿಯಲ್ಲಿ ಅದೇ ಕಾದಂಬರಿ ಹುಡುಕಿ ತಂದಳು.

ಓದು ಎಂದರೆ ಅವಳಿಗೆ ಇಷ್ಟು ದಿನ ಪರೀಕ್ಷೆಯ ಓದು ಮಾತ್ರ. ಮೊದಲ ಪುಟಕ್ಕೇ ಒಂದು ಗಂಟೆ ಹಿಡಿಯಿತು. ಒಂದೊಂದು ವಾಕ್ಯ ಅರ್ಧ ಪುಟ, ಒಳಗೆ ಹೊಕ್ಕರೆ ಹೊರಗೆ ಬರುವ ದಾರಿಯೇ ಸಿಗದು. ಆದರೆ ಮೂರನೇ ವಾರ ಬಸ್ಸಿನಲ್ಲಿ ಓದುತ್ತಿದ್ದವಳು ಗೊಳ್ಳನೆ ನಕ್ಕುಬಿಟ್ಟಳು. ಪಕ್ಕದ ಹೆಂಗಸು ದುರುಗುಟ್ಟಿದಳು. ಅವಳಿಗೆ ನಾಚಿಕೆಯಾಗಲಿಲ್ಲ... ಯಾರೂ ಕೇಳದ, ಯಾರೂ ಅಂಕ ಕೊಡದ ಓದಿನಲ್ಲಿ ಇಷ್ಟು ಸುಖವಿದೆಯೇ!

ಹೀಗೆ ಓದುತ್ತಾ ಅವಳು ಅವನಿಗಿಂತ ಮುಂದೆ ಹೋದಳು. ಮೂವತ್ತೊಂದನೇ ಅಧ್ಯಾಯದಲ್ಲಿ ಬಾಯಿಬಡುಕಿ ತಾಯಿ ಸತ್ತುಹೋದಳು. ಸೂಜಿಯಕ್ಕ ಕಣ್ಣೊರೆಸಿಕೊಂಡು ಮುಂದೆ ಓದಿದಳು.

ಮರುವಾರ ವಾರ್ಡಿನಲ್ಲಿ ಅವನ ಕಥೆ ಮೂವತ್ತನಾಲ್ಕನೇ ಅಧ್ಯಾಯ ಮುಟ್ಟಿತ್ತು. ಆದರೆ ಅಲ್ಲಿ ಆ ತಾಯಿ ಗಟ್ಟಿಮುಟ್ಟಾಗಿ ಓಡಾಡಿಕೊಂಡು ಸರ್ವೇಯರನಿಗೆ ಬೈಯುತ್ತಿದ್ದಳು!

ನೀರಿನ ಫಿಲ್ಟರಿನ ಬಳಿ ಅವಳು ಅವನನ್ನು ತಡೆದಳು. “ಆ ತಾಯಿ ತೀರಿಕೊಂಡಳಲ್ವಾ? ನೀವು ಯಾಕೆ ಬದುಕಿಸಿದ್ರಿ?”

ಅವನ ಮುಖ ಬಿಳಿಚಿತು. “ನೀವು... ಓದಿದ್ರಾ?”

“ಓದಿದೆ.”

“ಡಾಕ್ಟರ್ ಹೇಳಿದ್ದು ನಿಮಗೂ ಗೊತ್ತಲ್ಲ ಮೇಡಂ. ಅಮ್ಮನ ಹಾರ್ಟು ಇನ್ನು ಹೆಚ್ಚು ದಿನ ತಡೆಯಲ್ಲ. ಆ ಪುಟ ನನ್ನ ಬಾಯಲ್ಲಿ ಬರಲಿಲ್ಲ. ದಯವಿಟ್ಟು... ಅಮ್ಮನಿಗೆ ಹೇಳಬೇಡಿ.”

ಅವಳು ಮೊದಲ ಬಾರಿಗೆ ಅವನ ಕೈ ಮುಟ್ಟಿದಳು. “ಹೇಳಲ್ಲ.”

ಆ ಮಾತು ಹದಿನೈದು ದಿನವೂ ಉಳಿಯಲಿಲ್ಲ.

ಒಂದು ಬೆಳಿಗ್ಗೆ ಯಾವುದೋ ಕಟ್ಟಡದ ಲಿಫ್ಟಿನಲ್ಲಿ ಜನ ಸಿಕ್ಕಿಕೊಂಡಿದ್ದಾರೆಂದು ಫೋನ್ ಬಂದು ಅವನು ಓಡಿದ. ಅಮ್ಮ ಸೂಜಿಯಕ್ಕನ ಏಪ್ರನ್ನಿನ ತುದಿಯನ್ನು ಸೆರಗಿನಂತೆ ಹಿಡಿದೆಳೆದಳು.

“ಮಗಳೇ, ನೀನೂ ಈ ಪುಸ್ತಕ ಓದ್ತಿದ್ದೀಯಂತೆ. ನಿಜ ಹೇಳು, ಆ ತಾಯಿ ಸತ್ತಳಲ್ವಾ?”

“ಅಮ್ಮಾ, ಅದು...”

“ನನ್ನ ಮಗ ಸುಳ್ಳು ಹೇಳಿದ್ರೆ ನನಗೆ ಗೊತ್ತಾಗಲ್ವಾ? ಓದದೇ ಪುಟ ತಿರುವಿದ. ಕಥೆ ಸಪ್ಪೆಯಾಯ್ತು. ನನಗೆ ನಿಜವಾದದ್ದು ಬೇಕು ಕಣಮ್ಮ. ಅವರಪ್ಪ ಓದಿದ್ದೇ ಬೇಕು. ಇನ್ನೆಷ್ಟು ದಿನ ಇದ್ದೀನೋ...”

“ನಿಮ್ಮ ಮಗನಿಗೆ ಮಾತು ಕೊಟ್ಟಿದ್ದೀನಿ ಅಮ್ಮಾ.”

“ನನಗೂ ಕೊಡು. ಓದಿದ್ದು ಅವನಿಗೆ ಗೊತ್ತಾಗಬಾರದು. ನನಗೋಸ್ಕರ ಎಷ್ಟು ಕಷ್ಟಪಟ್ಟು ಕಥೆ ಕಟ್ಟಿದ್ದಾನೆ! ಅದನ್ನ ನಾನು ನಂಬಲಿಲ್ಲ ಅಂತ ಗೊತ್ತಾದ್ರೆ ಜೀವನಪೂರ್ತಿ ಕೊರಗ್ತಾನೆ.”

*ಯಾರ ಮಾತು ಉಳಿಸಲಿ?* ಎದುರಿಗಿದ್ದದ್ದು ಕಾಯಲಾರದ ಜೀವ. ಅವಳು ಸ್ಟೂಲ್ ಎಳೆದುಕೊಂಡಳು.

ಅವನು ಬಿಟ್ಟುಹೋದ ಪುಸ್ತಕ ತೆರೆದು, ತಡವರಿಸುತ್ತಾ ಕನ್ನಡದಲ್ಲಿ ಓದಿ ಹೇಳಿದಳು. ಗಿರಣಿಯ ಚಕ್ರದ ಸದ್ದು ಕೇಳಬೇಕೆಂದು ಕಥೆಯ ತಾಯಿ ಕಿಟಕಿ ತೆಗೆಸುತ್ತಾಳೆ. ಮಗಳು ಒದ್ದೆ ಕಾಲುಚೀಲದಲ್ಲಿ ನಿಂತಿದ್ದಕ್ಕೆ ಬೈಯಲು ಶುರು ಮಾಡುತ್ತಾಳೆ. ಬೈಗುಳ ಅರ್ಧಕ್ಕೇ ನಿಲ್ಲುತ್ತದೆ.

ಅಮ್ಮ ಅಳುತ್ತಲೇ ನಕ್ಕಳು. “ಬೈತಾ ಬೈತಾನೇ ಹೋದಳು ನೋಡು! ಒಂದಿನ ಅವರು ಇದೇ ಪುಸ್ತಕ ಹಿಡಿದು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಿದ್ದರು. ಏನ್ರೀ ಅಂದ್ರೆ ಕಣ್ಣಿಗೆ ಕಸ ಬಿತ್ತು ಅಂದರು. ಇಪ್ಪತ್ತು ವರ್ಷ ಆದ ಮೇಲೆ ಇವತ್ತು ಗೊತ್ತಾಯ್ತು, ಆ ಕಸ ಯಾವುದು ಅಂತ.”

ಮೂರನೇ ದಿನ ಬೆಳಿಗ್ಗೆ ಕಿಟಕಿ ಪಕ್ಕದ ಹಾಸಿಗೆ ಖಾಲಿ ಇತ್ತು. ಅಮ್ಮ ಮನೆಯಲ್ಲೇ ತೀರಿಕೊಂಡಿದ್ದಳು.

ಎರಡು ವಾರದ ನಂತರ ಅವನು ಅಮ್ಮನ ಫೈಲು ತೆಗೆದುಕೊಳ್ಳಲು ಬಂದ. ಹೊಸ ನರ್ಸು ಸಮಾಧಾನ ಹೇಳಲು ಹೋಗಿ ಬಾಯಿಬಿಟ್ಟಳು. “ಪಾಪ, ಕೊನೇ ಸಲ ಬಂದಾಗ ಎಷ್ಟು ಅತ್ತುಬಿಟ್ಟರು ಗೊತ್ತಾ? ಆ ತಾಯಿ ಸಾಯೋದನ್ನ ಸೂಜಿಯಕ್ಕ ಓದಿದಾಗ...”

ಅವನು ನೇರ ಸೂಜಿಯಕ್ಕನ ಎದುರು ಬಂದು ನಿಂತ.

“ನಿಮ್ಮನ್ನ ನಂಬಿದ್ದೆ ಮೇಡಂ. ಹೋಗೋ ಜೀವಕ್ಕೆ ಸಾವು ಓದಿ ಹೇಳಿದ್ರಲ್ಲ! ದಿನಾ ನೋಡಿ ನೋಡಿ ನಿಮಗೆ ಅಭ್ಯಾಸ ಆಗಿರಬಹುದು. ನನಗೆ ಇದ್ದಿದ್ದು ಒಬ್ಬಳೇ ಅಮ್ಮ!”

ಒಂದೇ ಒಂದು ವಾಕ್ಯ ಸಾಕಿತ್ತು. *ನಿಮ್ಮಮ್ಮನೇ ಕೇಳಿದರು.* ಅದು ನಾಲಿಗೆಯ ತುದಿಗೆ ಬಂದು ನಿಂತಿತು. ಅಲ್ಲಿಂದ ಮುಂದೆ ಬರಲಿಲ್ಲ.

“ಏನೂ ಹೇಳಲ್ವಾ?”

ಅವಳು ತಲೆ ತಗ್ಗಿಸಿದಳು. ಅವನ ಹೆಜ್ಜೆಯ ಸದ್ದು ಕಾರಿಡಾರಿನ ತುದಿಯವರೆಗೂ ಕೇಳಿಸಿ ನಿಂತುಹೋಯಿತು.

ನಾಲ್ಕು ತಿಂಗಳು... ಆ ಕಾದಂಬರಿಯ ಕೊನೆಯ ಭಾಗವನ್ನು ಅವಳು ಓದಲೇ ಇಲ್ಲ. ಹಿಂದಿರುಗಿಸಿ ಬೇರೊಂದು ತಂದಳು, ಅದು ಮುಗಿದ ಮೇಲೆ ಮತ್ತೊಂದು. ಓದುವಷ್ಟು ಹೊತ್ತು ಅವನ ನೆನಪು ಬದಿಗೆ ಸರಿಯುತ್ತಿತ್ತು, ಪುಸ್ತಕ ಮುಚ್ಚಿದೊಡನೆ ವಾಪಸ್ಸು ಬಂದು ಕೂರುತ್ತಿತ್ತು. ಒಂದು ದಿನ ಸ್ಟೇಷನ್ ಮಾಸ್ಟರ್ ಅಜ್ಜನ ಕೈಗೆ ಚುಚ್ಚುವಾಗ ಗುರಿ ತಪ್ಪಿತು. ಅಜ್ಜ ಹಲ್ಲು ಕಚ್ಚಿದ.

“ಕ್ಷಮಿಸಿ ಅಜ್ಜಾ!” ಅವಳ ಕಣ್ಣು ತುಂಬಿತು.

“ನನ್ನ ಕೈ ಹಾಳಾಗ್ಲಿ, ನಿನ್ನ ಮುಖ ನೋಡೋಕಾಗ್ತಿಲ್ಲ,” ಎಂದ ಅಜ್ಜ. “ಆವತ್ತು ನಾನು ಪಕ್ಕದಲ್ಲೇ ಇದ್ದೆ. ಕಣ್ಣು ಮುಚ್ಚಿದ್ದೆ, ಕಿವಿ ಮುಚ್ಚಿರಲಿಲ್ಲ. ಮಾತು ಕೊಟ್ಟವಳು ನೀನು. ನಾನಲ್ಲವಲ್ಲ?”

ಆ ದಿನವೇ ಅಜ್ಜ ಲಿಫ್ಟ್ ಕಂಪನಿಗೆ ಫೋನ್ ಹಚ್ಚಿದ. “ನಿಮ್ಮ ಮೆಕ್ಯಾನಿಕ್ ಬೇಕಿತ್ತು. ಇಲ್ಲಿ ಒಬ್ಬಳು ಸಿಕ್ಕಿಹಾಕ್ಕೊಂಡಿದ್ದಾಳೆ, ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ!”

ಭಾನುವಾರ ಮಧ್ಯಾಹ್ನ. ಲೈಬ್ರರಿಯ ಓದುವ ಕೋಣೆಯಲ್ಲಿ ಅವಳ ಪುಟದ ಮೇಲೆ ನೆರಳು ಬಿತ್ತು. ತಲೆಯೆತ್ತಿದರೆ ಅವನು! ಸೊರಗಿದ್ದ. ಕೈಯಲ್ಲಿ ಹೆಲ್ಮೆಟ್ಟು.

“ಅಜ್ಜ ಎಲ್ಲ ಹೇಳಿದರು, ನೀವು ಇಲ್ಲಿರ್ತೀರಿ ಅಂತಲೂ,” ಎಂದ ಗಟ್ಟಿಯಾಗಿ.

“ಶ್!” ಎಂದಳು ಮೇಜಿನ ಹಿಂದಿನ ಲೈಬ್ರರಿಯನ್. ಇಬ್ಬರೂ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತರು.

“ಅಷ್ಟೆಲ್ಲ ಅಂದೆ. ಒಂದು ಮಾತು ಹೇಳಿ ನನ್ನ ಬಾಯಿ ಮುಚ್ಚಿಸಬಹುದಿತ್ತಲ್ಲ?”

“ನಿಮಗೆ ಕೊಟ್ಟ ಮಾತು ಮುರಿದಾಗಿತ್ತು. ಅಮ್ಮನಿಗೆ ಕೊಟ್ಟದ್ದನ್ನೂ ಮುರೀಬೇಕಿತ್ತಾ?”

ಅವನು ಮುಖ ತಿರುಗಿಸಿದ. “ಅಮ್ಮನಿಗೆ ಗೊತ್ತಿತ್ತು... ಗೊತ್ತಿದ್ದೂ ನನ್ನ ಸುಳ್ಳುಕಥೆಗೆ ಹೂಂಗುಟ್ಟುತ್ತಾ ಕೂತಿದ್ದಳು. ಅಪ್ಪ ಏನು ಓದಿದರು ಅನ್ನೋದು ಅವಳಿಗೆ ಬೇಕಿತ್ತು. ನಾನು ಕೊಡಲಿಲ್ಲ. ಕೊಟ್ಟಿದ್ದು ನೀವು. ಕೊಟ್ಟವರನ್ನೇ ನಾನು...”

“ನೀವು ಕೊಡದೇ ಇದ್ದದ್ದೂ ಪ್ರೀತಿಯಿಂದಲೇ. ಅದೂ ಅವರಿಗೆ ಗೊತ್ತಿತ್ತು.”

ರಸ್ತೆಯಲ್ಲಿ ಒಂದು ಬಸ್ಸು ನಿಂತು ಹೊರಟಿತು.

“ಕ್ಷಮೆ ಕೇಳೋಕೆ ಅಂತ ಬಂದೆ,” ಎಂದ ಅವನು. “ಅಷ್ಟಕ್ಕೇ ಬಂದಿದ್ದು ಅಂದ್ರೆ ಅದೂ ಸುಳ್ಳಾಗುತ್ತೆ. ಕೋಪದಲ್ಲೂ ನಿಮ್ಮನ್ನೇ ನೆನೆಸ್ಕೊಂಡಿದ್ದೀನಿ. ದಿನಾ. ನಿಮ್ಮ ಜೊತೆ ಬದುಕಬೇಕು ಅನ್ನೋ ಆಸೆ ಇದೆ. ಆಗಲ್ಲ ಅಂದ್ರೆ ಈಗಲೇ ಹೇಳಿಬಿಡಿ, ಹೋಗ್ತೀನಿ.”

ಎರಡು ಸಲ ಮುರಿದದ್ದು, ನಾಲ್ಕು ತಿಂಗಳು ನುಂಗಿದ್ದು, ಎಲ್ಲವೂ ಒಟ್ಟಿಗೆ ಮೇಲೆ ಬಂದು ಅವಳು ಅತ್ತುಬಿಟ್ಟಳು. ಅವನು ಗಾಬರಿಯಾಗಿ ಕರವಸ್ತ್ರಕ್ಕೆ ಜೇಬು ತಡಕಿದ. ಸಿಕ್ಕಿದ್ದು ಗ್ರೀಸ್ ಮೆತ್ತಿದ ಬಟ್ಟೆಚೂರು. ಅದನ್ನು ನೋಡಿ ಅವಳಿಗೆ ಅಳುವಿನ ನಡುವೆಯೇ ನಗು ಬಂತು.

“ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನಾನು,” ಎಂದಳು ಮೂಗೊರೆಸಿಕೊಂಡು. “ಊಟಕ್ಕೆ ಹೋಗೋಣ, ಬಾ.”

ಅವನು ಮೆಟ್ಟಿಲ ಮೇಲೆಯೇ ನಿಂತುಬಿಟ್ಟ. “‘ಬಾ’ ಅಂದ್ಯಾ?”

“ಅಂದೆ. ಬೇಡ ಅಂದ್ರೆ ವಾಪಸ್ ತಗೋತೀನಿ.”

“ಬೇಡ ಬೇಡ!... ಇನ್ನೊಂದ್ಸಲ ಅನ್ನು.”

ಅವಳು ಎರಡು ಮೆಟ್ಟಿಲು ಇಳಿದು, ಹಿಂದೆ ತಿರುಗಿ ಕೈ ಚಾಚಿದಳು.

“ಬಾರೋ...”